ಷರಾ

ಕೊಲ್ಲಿಯ ಕಡೆ ಎಣ್ಣೆ ತುಟ್ಟಿಯಾದ ವರ್ಷ
ಮಾಜಾಳಿಗೆ ಒಂದು ಸರ್ಕಾರಿ ಜೀಪು ಬಂತು.
ಕಡಲಿಗೆ ಬಲವಿದೆ ಅಂತ ದಿಲ್ಲಿಗೆ ಆಗಷ್ಟೇ ಗೊತ್ತಾಗಿತ್ತು.
ನಮಗೆ ಮೊದಲೇ ಗೊತ್ತಿತ್ತು,
ಇಬ್ಬರು ಚಿಕ್ಕಪ್ಪಂದಿರ ಲೆಕ್ಕದಲ್ಲಿ.

ಅಪ್ಪ, ಪುರ್ಸು ಹರಿಕಂತ್ರ. ದಿನಗೂಲಿ ಏಳು ರೂಪಾಯಿ.
ಹುದ್ದೆಯ ಹೆಸರು ತರಂಗ ವೀಕ್ಷಕ.
ಗುಡ್ಡದ ಮೂಗಿನ ಮೇಲೆ ಕೂತು
ತಾಸಿಗೆ ಎಷ್ಟು ಅಲೆ, ಎಷ್ಟು ಎತ್ತರ, ಯಾವ ದಿಕ್ಕು,
ಅಷ್ಟೇ ಕೆಲಸ.
ಅವನಿಗೆ ಅಕ್ಷರ ಬಾರದು. ನಾನು ಐದನೆಯ ಇಯತ್ತೆ.
ಅವನು ಕೂಗಿದ, ನಾನು ಬರೆದೆ.
ಮಸ್ಟರ್ ರೋಲಿನಲ್ಲಿ ಹೆಬ್ಬೆಟ್ಟು ಅವನದು,
ಅಲೆಗಳೆಲ್ಲ ನನ್ನ ಕೈಬರಹದಲ್ಲಿ.

ಎತ್ತರವನ್ನು ಮೀಟರಿನಲ್ಲಿ ಹೇಳಬೇಕಿತ್ತು.
ಅಪ್ಪ ಹೇಳುತ್ತಿದ್ದ: ಮೊಣಕಾಲು, ಸೊಂಟ, ಎದೆ,
ಆಳು, ಬುಟ್ಟಿ ಹೊತ್ತ ಹೆಂಗಸು.
ಆಯಿಯನ್ನು ಗೋಡೆಗೆ ನಿಲ್ಲಿಸಿ, ತಲೆಗೆ ಬುಟ್ಟಿ ಹೊರಿಸಿ,
ಟೇಪು ಹಿಡಿದು ಅಳೆದೆ. ಒಂದು ಮೀಟರು ತೊಂಬತ್ತು.
ದಿಲ್ಲಿಯ ಯಾವುದೋ ಗ್ರಾಫಿನಲ್ಲಿ
ಆಯಿ ಇನ್ನೂ ಬುಟ್ಟಿ ಹೊತ್ತು ನಿಂತಿರಬೇಕು.

ಕೊನೆಯ ಕಾಲಮ್ಮು ಷರಾ.
ಅಲ್ಲಿ ಏನು ಬರೆಯಬೇಕೆಂದು ಯಾರೂ ಹೇಳಲಿಲ್ಲ.
‘ಬಂಗಡೆ ಹೊಳೆಯಿತು.’
‘ದೇವಗಡದ ದೀಪ ಎರಡು ಸಲ ತಪ್ಪಿತು.’
‘ಇನಾಸನ ದೋಣಿ ಖಾಲಿ ಬಂತು. ಅವನು ಮಾತಾಡಲಿಲ್ಲ.’

ಎರಡನೆಯ ವರ್ಷ ಹಳದಿ ತೇಲುಬುರುಡೆಯೊಂದನ್ನು
ಸರಪಳಿ ಕಟ್ಟಿ ಬಿಟ್ಟರು.
ದೀಪಾವಳಿಯ ತೂಫಾನಿಗೆ ಸರಪಳಿ ಕಡಿದು
ಗುಡ್ಡ ಸುತ್ತಿ ಗೋವೆಯ ಪೊಳೆಂ ದಂಡೆ ಸೇರಿತು.
ಆಚೆ ಬೇರೆ ಸರ್ಕಾರ. ಒಂದೂವರೆ ವರ್ಷ ಪತ್ರ ನಡೆದವು.
ಮನುಷ್ಯ ನಡೆದರೆ ಮುಕ್ಕಾಲು ತಾಸು.

ಆಮೇಲೆ ಬಂಡೆಗೆ ಆನಿಸಿ ಕಾಂಕ್ರೀಟಿನ ಗೂಡು.
ಅಲೆ ಒಳಹೊಕ್ಕರೆ ಗಾಳಿ ಮೇಲೇರಿ ಚಕ್ರ ತಿರುಗುತ್ತದೆ,
ಅಲೆ ಇಳಿದರೆ ಗಾಳಿ ಒಳಗೆಳೆದು
ಮತ್ತೆ ಅದೇ ಕಡೆಗೇ ತಿರುಗುತ್ತದೆ.
ಈ ಜಾಣತನಕ್ಕೆ ಅಪ್ಪ ಮೂಗಿನ ಮೇಲೆ ಬೆರಳಿಟ್ಟ.
ರಾತ್ರಿ ಕೇರಿಗೆಲ್ಲ ಅದರ ಉಸಿರು ಕೇಳುತ್ತಿತ್ತು.
‘ಸರ್ಕಾರಕ್ಕೆ ದಮ್ಮು’ ಅಂದಳು ಆಯಿ.

ಬಲ್ಬು ಹೊತ್ತಿದ್ದು ಒಂದು ಬುಧವಾರ,
ಬೆಳಿಗ್ಗೆ ಹನ್ನೊಂದಕ್ಕೆ, ಸುಡುಬಿಸಿಲಲ್ಲಿ.
ಹೊತ್ತಿದೆಯೋ ಇಲ್ಲವೋ ತಿಳಿಯದೆ
ಜಂಬಗಿ ಸಾಹೇಬರು ಕೊಡೆ ಬಿಚ್ಚಿ ನೆರಳು ಮಾಡಿದರು.
ನೆರಳೊಳಗೆ ತಂತಿ ಕೆಂಪಗಿತ್ತು,
ಬೀಡಿಯ ತುದಿಯಷ್ಟು.
ಹದಿನಾಲ್ಕು ನಿಮಿಷ. ಸಾಹೇಬರ ಕಣ್ಣಲ್ಲಿ ನೀರು.
ಷರಾದಲ್ಲಿ ಬರೆದೆ: ‘ಕೊಡೆ ಬಿಚ್ಚಿದರು. ಮಳೆ ಇಲ್ಲ.’

ಕಡಲಿನ ಬಲವೆಲ್ಲ ಜೂನಿನಿಂದ ಆಗಸ್ಟು.
ನಿಯಮದ ಪ್ರಕಾರ ಆ ಮೂರು ತಿಂಗಳು
ವೀಕ್ಷಣೆ ಬಂದ್, ಕೂಲಿ ಬಂದ್.
ಉಳಿದ ಒಂಬತ್ತು ತಿಂಗಳ ಸಪ್ಪೆ ನೀರನ್ನು ಅಳೆದು
‘ಲಾಭದಾಯಕವಲ್ಲ’ ಎಂದು ಯಾರೋ ಸಹಿ ಹಾಕಿದರು.
ಅಷ್ಟರಲ್ಲಿ ಎಣ್ಣೆಯೂ ಅಗ್ಗವಾಗಿತ್ತು.
ಜೀಪು ಹೋಯಿತು. ಚಕ್ರವನ್ನು ಗುಜರಿಯವನು ಒಯ್ದ.
ಗೂಡಿಗೆ ನೀಲಿಕಲ್ಲು ಹತ್ತಿದವು; ಇಳಿತದ ಹೊತ್ತು
ಕತ್ತಿ ಹಿಡಿದು ಹೋಗುತ್ತೇವೆ, ಬುಟ್ಟಿ ತುಂಬುತ್ತದೆ.

ಈಗ ಮತ್ತೆ ಜೀಪು. ಅಂದರೆ ಬಿಳಿ ಕಾರು.
ಹಳೆಯ ಅಂಕಿಅಂಶ ಏನಾದರೂ ಉಳಿದಿದೆಯೇ, ಎಂದಳು ಹುಡುಗಿ,
ಚಪ್ಪಲಿ ಹೊರಗೆ ಬಿಟ್ಟು, ತುಂಬ ವಿನಯದಿಂದ.
ನಾಲ್ಕು ರಿಜಿಸ್ಟರಿನಲ್ಲಿ ಮೂರು ಇದ್ದವು.
ಒಂದು ಒಣಶೆಟ್ಲಿ ಕಟ್ಟಿಕೊಟ್ಟೇ ಮುಗಿದಿತ್ತು.
ಇದ್ದದ್ದು ಕೊಟ್ಟೆ.

ಇನ್ನೊಂದಿದೆ, ಕೊಟ್ಟಿಲ್ಲ.
ನನ್ನ ಗಣಿತದ ಪಟ್ಟಿ, ಅದರ ಹಿಂದಿನ ಹಾಳೆಗಳು.
ಕೂಲಿಯಿಲ್ಲದ ಮೂರು ಮಳೆಗಾಲ
ಕಂಬಳಿಕೊಪ್ಪೆಯೊಳಗೆ ಅಪ್ಪ ಎಣಿಸುತ್ತಲೇ ಇದ್ದ,
ಕತ್ತಲಾದರೆ ಮನೆಯೊಳಗಿಂದ, ಬರೀ ಕಿವಿಯಲ್ಲಿ.
ಯಾಕೆಂದು ನಾನು ಕೇಳಲಿಲ್ಲ.
ಆಳು, ಆಳಿನ ಮೇಲೆ ಆಳು, ಮನೆಯ ಮಾಡು...
ಟೇಪು ಸಾಲದೆ
ಮೀಟರು ಬಿಟ್ಟು ಅವನ ಮಾತನ್ನೇ ಬರೆದಿದ್ದೇನೆ.

ಬಾಕಿ ಕೂಲಿಯ ಲೆಕ್ಕ ಮೊದಲು ಆಗಲಿ, ಅಂದೆ.
ಹುಡುಗಿ ನಕ್ಕಳು. ನಾನು ನಗಲಿಲ್ಲ.
ಆಮೇಲೆ ಅವಳೂ ನಗು ಬಿಟ್ಟು, ಪೆನ್ನು ತೆಗೆದು,
‘ದಿನಕ್ಕೆ ಏಳರಂತೆ ಎಷ್ಟು ದಿನ?’ ಎಂದಳು.

ಪಟ್ಟಿಯ ಕೊನೆಯ ಹಾಳೆ ಜುಲೈ ಹನ್ನೆರಡರದು.
ಮರುದಿನ ಬೆಳಿಗ್ಗೆ ಅಪ್ಪ ಹೇಳಿ ಬರೆಸಿದ ಷರಾ:
‘ರಾತ್ರಿ ಎರಡರ ಮೇಲೆ ಬರೆಯುವವಳಿಗೆ ನಿದ್ದೆ ಹತ್ತಿತು.
ಅಲೆ ಬರುತ್ತಿದ್ದವು.’